ಆಯುಧವಿಲ್ಲದ ಅಧಿಕಾರ: ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯ ಸಂಧಾನಶಕ್ತಿಯನ್ನು ಕುರಿತು

ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯ ವಿಷಯದಲ್ಲಿ ನಮ್ಮಲ್ಲಿ ಎರಡು ಬಗೆಯ ಮಾತುಗಳು ಬಳಕೆಯಲ್ಲಿವೆ. ತರಗತಿಯಲ್ಲಿ ಪಾಠ ಹೇಳುವಾಗ ಆತನನ್ನು ಜಗತ್ತಿನ ಯಜಮಾನನೆಂಬಂತೆ ವರ್ಣಿಸುತ್ತೇವೆ. ಎಲ್ಲಿಯಾದರೂ ಯುದ್ಧ ತಲೆದೋರಿ ಆತನ ಮಾತು ನಡೆಯದೆ ಹೋದರೆ, ಆತನು ಕಾಗದ ಬರೆಯುವ ಗುಮಾಸ್ತನಲ್ಲದೆ ಬೇರೇನೂ ಅಲ್ಲವೆಂದು ಹಳಿಯುತ್ತೇವೆ. ಒಂದೇ ಹುದ್ದೆಯನ್ನು ಕುರಿತ ಈ ಎರಡು ತೀರ್ಪುಗಳೂ ಪರೀಕ್ಷೆಯಿಲ್ಲದೆ ಹುಟ್ಟಿದವು. ಆ ಹುದ್ದೆಯ ಕೈಯಲ್ಲಿ ನಿಜವಾಗಿ ಇರುವುದೇನು, ಇಲ್ಲದಿರುವುದೇನು ಎಂಬುದನ್ನು ವಿವೇಚಿಸುವುದೇ ಈ ಲೇಖನದ ಉದ್ದೇಶ.

ಸಾಹಿತ್ಯಪತ್ರಿಕೆಯಲ್ಲಿ ಇದೇನು ರಾಜಕೀಯವೆಂದು ವಾಚಕರು ಕೇಳಬಹುದು. ಸಂಧಾನವೆಂಬ ಮಾತನ್ನು ನಾವು ಕಲಿತದ್ದು ರಾಜಕೀಯದಿಂದಲ್ಲ, ಭಾರತದಿಂದ. ಕುಮಾರವ್ಯಾಸನ ಉದ್ಯೋಗಪರ್ವವನ್ನು ಓದಿದವರಿಗೂ, ಓದು ಬಾರದಿದ್ದರೂ ಧರ್ಮಪುರಿ, ಸೇಲಂ ಸೀಮೆಯ ದ್ರೌಪದಮ್ಮನ ಜಾತ್ರೆಗಳಲ್ಲಿ ರಾತ್ರಿಯೆಲ್ಲ ಎದ್ದು ಕುಳಿತು ಕೃಷ್ಣನ ದೌತ್ಯದ ಕೂತನ್ನು ನೋಡಿದವರಿಗೂ ಸಂಧಾನವೆಂದರೆ ಕಣ್ಣೆದುರು ನಿಲ್ಲುವವನು ಶ್ರೀಕೃಷ್ಣನೇ. ಅದೇ ಅಳತೆಗೋಲಿನಿಂದ ನಾವು ಮಹಾಕಾರ್ಯದರ್ಶಿಯನ್ನೂ ಅಳೆಯುತ್ತೇವೆ. ಆತನು ಕೃಷ್ಣನಷ್ಟು ಎತ್ತರಕ್ಕೆ ಬಾರದಿದ್ದಾಗ ನಿರಾಶರಾಗುತ್ತೇವೆ. ಅಳತೆಗೋಲೇ ತಪ್ಪಾದುದೆಂಬುದು ನಮ್ಮ ಅಭಿಪ್ರಾಯ.

ಕೃಷ್ಣನ ದೌತ್ಯವನ್ನು ಮೊದಲು ಪರಿಶೀಲಿಸೋಣ. ಹಸ್ತಿನಾವತಿಗೆ ಹೊರಡುವುದಕ್ಕೆ ಮುಂಚೆಯೇ ಕೃಷ್ಣನು ತನ್ನನ್ನು ಅರ್ಜುನನಿಗೂ ತನ್ನ ಸೇನೆಯನ್ನು ದುರ್ಯೋಧನನಿಗೂ ಹಂಚಿಕೊಟ್ಟಾಗಿತ್ತು. ಆಯುಧ ಹಿಡಿಯುವುದಿಲ್ಲವೆಂದನೇ ಹೊರತು ಪಕ್ಷ ಹಿಡಿಯುವುದಿಲ್ಲವೆನ್ನಲಿಲ್ಲ. ಪಾಂಡವರ ಪರವಾಗಿ ಹೋದನು. ಐದು ಊರುಗಳಿಗೆ ಇಳಿಸಿ ಕೇಳಿದನು. ಕಟ್ಟಿಹಾಕಲು ಬಂದಾಗ ವಿಶ್ವರೂಪವನ್ನು ತೋರಿದನು. ಹಿಂದಿರುಗುವಾಗ ಕರ್ಣನನ್ನು ಬೇರೆ ಕರೆದು ಆತನ ಜನ್ಮರಹಸ್ಯವನ್ನು ತಿಳಿಸಿ, ಎದುರಾಳಿಯ ಬಲವನ್ನು ಒಡೆಯಲು ಯತ್ನಿಸಿದನು. ಇದು ಕಾವ್ಯದೃಷ್ಟಿಯಿಂದ ಅತ್ಯುನ್ನತವಾದ ಪ್ರಸಂಗ. ಆದರೆ ಇಲ್ಲಿರುವುದು ಒಂದು ಪಕ್ಷದ ರಾಯಭಾರಿಯ ಕಾರ್ಯವೇ ಹೊರತು ಮಧ್ಯಸ್ಥನ ಕಾರ್ಯವಲ್ಲ.

ಅದೇ ಪರ್ವದಲ್ಲಿ ಇನ್ನಿಬ್ಬರಿದ್ದಾರೆ. ಒಬ್ಬನು ಸಂಜಯ. ಧೃತರಾಷ್ಟ್ರನ ಬಾಯಿಯ ಶಾಂತಿವಚನಗಳನ್ನು ಹೊತ್ತು ಬಂದವನು. ಕೊಡುವುದಕ್ಕೆ ಕೈಯಲ್ಲಿ ಹಿಡಿ ನೆಲವೂ ಇಲ್ಲದವನು. ಮತ್ತೊಬ್ಬನು ವಿದುರ. ಆತನಿಗೆ ಸೇನೆಯಿಲ್ಲ, ಸಿಂಹಾಸನವಿಲ್ಲ. ಅರಮನೆಯ ಅನ್ನವುಂಡು ಅರಮನೆಗೇ ಅಪ್ರಿಯವಾದ ಸತ್ಯವನ್ನು ಹೇಳುವವನು. ದುರ್ಯೋಧನನು ದಾಸೀಪುತ್ರನೆಂದು ಹಳಿದಾಗ ವಿದುರನು ತನ್ನ ಬಿಲ್ಲನ್ನೇ ಮುರಿದುಹಾಕಿದನೆಂಬ ಕಥೆ ವಿಲ್ಲಿಪುತ್ತೂರರ ತಮಿಳು ಭಾರತದಲ್ಲಿದೆ, ಕನ್ನಡಿಗರಿಗೂ ಚಿರಪರಿಚಿತವಾದುದು. ಮಹಾಕಾರ್ಯದರ್ಶಿಯ ಹುದ್ದೆಯನ್ನು ನಾವು ಹೋಲಿಸಬೇಕಾದದ್ದು ಈ ವಿದುರನೊಡನೆ. ಬಿಲ್ಲಿಲ್ಲದ ವಿದುರನ ಮಾತಿಗೆ ಎಷ್ಟು ಬೆಲೆಯೆಂಬುದೇ ನಮ್ಮ ಮುಂದಿರುವ ಪ್ರಶ್ನೆ.

ಈಗ ಸನ್ನದನ್ನು ನೋಡೋಣ. 1945ನೆಯ ಜೂನ್ 26ರಂದು ಸಹಿಯಾಗಿ ಅದೇ ಅಕ್ಟೋಬರ್ 24ರಿಂದ ಜಾರಿಗೆ ಬಂದ ಈ ಸನ್ನದಿನಲ್ಲಿ ಮಹಾಕಾರ್ಯದರ್ಶಿಯ ಅಧಿಕಾರಗಳೆಲ್ಲ ಕೆಲವೇ ವಾಕ್ಯಗಳಲ್ಲಿ ಅಡಗಿವೆ. 97ನೆಯ ವಿಧಿಯು ಆತನನ್ನು ಸಂಸ್ಥೆಯ ಮುಖ್ಯ ಆಡಳಿತಾಧಿಕಾರಿಯೆಂದು ಕರೆಯುತ್ತದೆ. 98ನೆಯದು, ಭದ್ರತಾ ಮಂಡಲಿ, ಮಹಾಸಭೆ ಮೊದಲಾದವು ಒಪ್ಪಿಸಿದ ಇತರ ಕಾರ್ಯಗಳನ್ನು ಮಾಡತಕ್ಕದ್ದೆಂದು ವಿಧಿಸುತ್ತದೆ. 99ನೆಯದು, ಲೋಕದ ಶಾಂತಿಗೆ ಅಪಾಯ ತರಬಹುದೆಂದು ತನಗೆ ತೋರಿದ ಯಾವ ವಿಷಯವನ್ನೇ ಆಗಲಿ ಮಂಡಲಿಯ ಗಮನಕ್ಕೆ ತರುವ ಹಕ್ಕನ್ನು ಕೊಡುತ್ತದೆ. ಯಾವ ಸರಕಾರದಿಂದಲೂ ಆಜ್ಞೆ ಪಡೆಯಕೂಡದೆಂದು 100ನೆಯದು ಕಟ್ಟುಮಾಡುತ್ತದೆ. ಶಾಂತಿಪಾಲನೆಯೆಂಬ ಮಾತು ಇಡೀ ಸನ್ನದಿನಲ್ಲಿ ಎಲ್ಲಿಯೂ ಇಲ್ಲ. ಸೇನೆಯಿಲ್ಲ, ಖಜಾನೆಯಿಲ್ಲ, ಮತವಿಲ್ಲ. ಕರೆಯುವ ಹಕ್ಕು, ಎಚ್ಚರಿಸುವ ಹಕ್ಕು, ಯಾರ ಆಳೂ ಅಲ್ಲವೆಂಬ ರಕ್ಷೆ, ಇಷ್ಟೇ ಆತನ ಬಂಡವಾಳ.

ಇಷ್ಟರಿಂದಲೇ ಏನನ್ನು ಸಾಧಿಸಬಹುದೆಂಬುದನ್ನು ತೋರಿಸಿದವರು 1953ರಿಂದ 1961ರವರೆಗೆ ಹುದ್ದೆಯಲ್ಲಿದ್ದ ಡಾಗ್ ಹ್ಯಾಮರ್‌ಷೋಲ್ಡರು. ಕೊರಿಯಾ ಯುದ್ಧದಲ್ಲಿ ಸೆರೆಸಿಕ್ಕ ಅಮೆರಿಕದ ವಿಮಾನಭಟರನ್ನು ಚೀನವು ಬಿಡದಿದ್ದಾಗ, 1954ರ ಡಿಸೆಂಬರಿನಲ್ಲಿ ಮಹಾಸಭೆಯು ಚೀನವನ್ನು ಖಂಡಿಸಿ, ಅವರನ್ನು ಬಿಡಿಸುವ ಭಾರವನ್ನು ಇವರ ಮೇಲೆ ಹೊರಿಸಿತು. ಖಂಡನೆಯ ಪತ್ರವನ್ನು ಹಿಡಿದು ಖಂಡಿತನ ಮನೆಗೆ ಹೋದರೆ ಬಾಗಿಲು ತೆರೆಯುವವರಾರು? ಚೀನಕ್ಕೆ ಆಗ ಸಂಸ್ಥೆಯಲ್ಲಿ ಸ್ಥಾನವೇ ಇರಲಿಲ್ಲ. ಹ್ಯಾಮರ್‌ಷೋಲ್ಡರು, ಮಹಾಸಭೆಯ ನಿರ್ಣಯದ ಬಲದಿಂದಲ್ಲ, ಸನ್ನದು ತಮ್ಮ ಹುದ್ದೆಗೆ ಕೊಟ್ಟಿರುವ ಅಧಿಕಾರದಿಂದ ಬಂದಿರುವೆನೆಂಬ ನಿಲುವನ್ನು ತಳೆದರು. 1955ರ ಜನವರಿಯಲ್ಲಿ ಪೀಕಿಂಗಿಗೆ ಹೋಗಿ ಚೌ ಎನ್ ಲಾಯರೊಡನೆ ಮಾತನಾಡಿದರು. ಸೆರೆಯಲ್ಲಿದ್ದವರಲ್ಲಿ ನಾಲ್ವರು ಆ ವರ್ಷದ ಮೇ ತಿಂಗಳಲ್ಲಿ, ಉಳಿದ ಹನ್ನೊಂದು ಮಂದಿ ಆಗಸ್ಟಿನಲ್ಲಿ ಬಿಡುಗಡೆ ಹೊಂದಿದರು. ಇಲ್ಲಿ ಗೆದ್ದದ್ದು ಬಲವೂ ಅಲ್ಲ, ವಾಕ್ಚಾತುರ್ಯ ಮಾತ್ರವೂ ಅಲ್ಲ. ಎದುರಾಳಿಯು ಮಾನ ಕಳೆದುಕೊಳ್ಳದೆ ಒಪ್ಪಿಕೊಳ್ಳಲು ಒಂದು ದಾರಿಯನ್ನು ಕಲ್ಪಿಸಿಕೊಟ್ಟದ್ದು ಗೆದ್ದಿತು.

ಮರುವರ್ಷ ಸೂಯೆಜ್ ಕಾಲುವೆಯ ಯುದ್ಧ ಬಂದಿತು. ಬ್ರಿಟನ್ ಮತ್ತು ಫ್ರಾನ್ಸುಗಳೇ ಹೋರಾಟದಲ್ಲಿದ್ದುದರಿಂದ ಭದ್ರತಾ ಮಂಡಲಿಯ ಕೈಕಟ್ಟಿಹೋಗಿತ್ತು. 1956ರ ನವೆಂಬರ್ 4ರಂದು ಮಹಾಸಭೆಯು ಒಂದು ತುರ್ತು ಪಡೆಯ ಯೋಜನೆಯನ್ನು 48 ಗಂಟೆಗಳೊಳಗೆ ಒಪ್ಪಿಸಬೇಕೆಂದು ಮಹಾಕಾರ್ಯದರ್ಶಿಯನ್ನು ಕೇಳಿತು. ನೆಲದ ಒಡೆಯನ ಒಪ್ಪಿಗೆಯಿಂದ ಮಾತ್ರ ಪಡೆ ಅಲ್ಲಿರತಕ್ಕದ್ದು, ಆತ್ಮರಕ್ಷಣೆಗಲ್ಲದೆ ಗುಂಡು ಹಾರಿಸತಕ್ಕದ್ದಲ್ಲ, ಪಕ್ಷ ವಹಿಸತಕ್ಕದ್ದಲ್ಲ ಎಂಬ ನಿಯಮಗಳು ರೂಪುಗೊಂಡದ್ದು ಆಗಲೇ. ಗೆಲ್ಲುವುದಕ್ಕಾಗಿ ಅಲ್ಲದೆ ನಡುವೆ ನಿಲ್ಲುವುದಕ್ಕಾಗಿ ಇರುವ ಸೇನೆಯೆಂಬುದು ಅಲ್ಲಿಯ ತನಕ ಯಾವ ಪುರಾಣದಲ್ಲಿಯೂ ಕಾಣದ ಕಲ್ಪನೆ. ಆ ಪಡೆಯಲ್ಲಿ ಭಾರತದ ಸೈನಿಕರೂ ಇದ್ದರು.

ಈ ಕಲ್ಪನೆಯನ್ನು ನೆಲದ ಮೇಲೆ ನಡೆಸಿ ತೋರಿಸಿದವರಲ್ಲಿ ನಮ್ಮ ನಾಡಿನವರೊಬ್ಬರು ಮುಖ್ಯರು: ಕೊಡಗಿನ ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರು. 1906ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದ ಇವರನ್ನು ವೀರರೆಂದು ನಾವು ಹೊಗಳುತ್ತೇವೆ. ಯುದ್ಧಗಳಲ್ಲಿ ತೋರಿದ ಶೌರ್ಯವನ್ನು ಹೇಳಿ ಅಲ್ಲಿಗೆ ಮುಗಿಸುತ್ತೇವೆ. ಆದರೆ ಅವರ ಜೀವನದ ಎರಡು ದೊಡ್ಡ ಕಾರ್ಯಗಳು ಗುಂಡು ಹಾರಿಸದೆ ಮಾಡಿದವು.

ಮೊದಲನೆಯದು ಕೊರಿಯಾದಲ್ಲಿ. 1953ರ ಜುಲೈ 27ರ ಕದನವಿರಾಮದ ಒಪ್ಪಂದದಂತೆ, ತಮ್ಮ ನಾಡಿಗೆ ಹಿಂದಿರುಗಲೊಲ್ಲದ ಯುದ್ಧಕೈದಿಗಳ ವಿಚಾರಣೆಗೆ ಐದು ತಟಸ್ಥ ರಾಷ್ಟ್ರಗಳ ಆಯೋಗವೊಂದು ಏರ್ಪಟ್ಟಿತು. ಸ್ವೀಡನ್, ಸ್ವಿಟ್ಜರ್ಲೆಂಡುಗಳು ಒಂದು ಕಡೆ, ಪೋಲೆಂಡ್, ಚೆಕೊಸ್ಲೊವಾಕಿಯಗಳು ಇನ್ನೊಂದು ಕಡೆ, ನಡುವೆ ಭಾರತ; ಅಧ್ಯಕ್ಷರು ತಿಮ್ಮಯ್ಯನವರು. ಈ ಆಯೋಗವು ಮಹಾಕಾರ್ಯದರ್ಶಿಯ ಕೈಕೆಳಗಿನದಲ್ಲ, ಒಪ್ಪಂದದಿಂದ ಹುಟ್ಟಿದುದು. ಆದರೂ ಮಧ್ಯಸ್ಥನ ಕಷ್ಟವೇನೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪಾಠವಿಲ್ಲ. ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಕೈದಿಗಳು. ಯಾರ ಮೇಲೂ ಬಲಪ್ರಯೋಗ ಮಾಡಕೂಡದೆಂಬ ನಿಯಮ. ದಕ್ಷಿಣ ಕೊರಿಯಾದ ಸರಕಾರವು ಭಾರತೀಯ ಸೈನಿಕರು ತನ್ನ ನೆಲವನ್ನು ಮೆಟ್ಟಕೂಡದೆಂದು ಹಟ ಹಿಡಿದುದರಿಂದ ಅವರನ್ನು ಹೆಲಿಕಾಪ್ಟರುಗಳಲ್ಲಿ ನಿಶ್ಶಸ್ತ್ರ ವಲಯಕ್ಕೆ ಸಾಗಿಸಬೇಕಾಯಿತು. ಕೈದಿಗಳು ಒಬ್ಬ ಭಾರತೀಯ ಅಧಿಕಾರಿಯನ್ನು ತಮ್ಮ ಬೇಲಿಯೊಳಕ್ಕೆ ಎಳೆದುಕೊಂಡಾಗ, ಕಾವಲು ಪಡೆಯ ಮುಖ್ಯರಾದ ಥೋರಾತರು ತಾವೇ ಒಳಹೊಕ್ಕು ಮಾತಿನಿಂದಲೇ ಬಿಡಿಸಿ ತಂದರು. 1954ರ ಜನವರಿಯಲ್ಲಿ ಕೆಲಸ ಮುಗಿದಾಗ ಎರಡು ಪಕ್ಷಗಳಿಗೂ ಅಸಮಾಧಾನವಿದ್ದೇ ಇತ್ತು. ಯಾವ ನಾಡೂ ಬೇಡವೆಂದ 88 ಮಂದಿ ಭಾರತಕ್ಕೆ ಬಂದರು. ಇಬ್ಬರಿಂದಲೂ ಬೈಸಿಕೊಳ್ಳುವುದು ಮಧ್ಯಸ್ಥನ ಸೋಲಲ್ಲ. ಹಲವು ವೇಳೆ ಅದೇ ಆತನು ನೆಟ್ಟಗೆ ನಡೆದನೆಂಬುದರ ಗುರುತು.

ಎರಡನೆಯದು ಸೈಪ್ರಸ್ ದ್ವೀಪದಲ್ಲಿ. ಗ್ರೀಕರು ಹೆಚ್ಚು, ತುರ್ಕರು ಕಡಿಮೆಯಿರುವ ಆ ದ್ವೀಪದಲ್ಲಿ 1963ರ ಡಿಸೆಂಬರಿನಲ್ಲಿ ಕೊಲೆ, ಸುಲಿಗೆಗಳು ಹಬ್ಬಿದವು. 1964ರ ಮಾರ್ಚ್ 4ರಂದು ಭದ್ರತಾ ಮಂಡಲಿಯು ಶಾಂತಿಪಾಲನಾ ಪಡೆಯೊಂದನ್ನು ಮಂಜೂರು ಮಾಡಿತು. ಆ ನಿರ್ಣಯದಲ್ಲಿ ಮಹಾಕಾರ್ಯದರ್ಶಿ ಊ ಥಾಂಟರಿಗೆ ದೊರೆತ ಅಧಿಕಾರ ಗಮನಾರ್ಹವಾದುದು. ಪಡೆ ಎಷ್ಟಿರಬೇಕು, ಯಾವ ದೇಶಗಳಿಂದ ಬರಬೇಕು ಎಂಬುದನ್ನು ಸೈಪ್ರಸ್, ಗ್ರೀಸ್, ತುರ್ಕಿ, ಬ್ರಿಟನ್ ಸರಕಾರಗಳೊಡನೆ ಸಮಾಲೋಚಿಸಿ ಅವರೇ ಗೊತ್ತುಮಾಡಬಹುದಾಗಿತ್ತು. ದಳಪತಿಯನ್ನು ನೇಮಿಸುವವರೂ ಅವರೇ. ರಾಜಕೀಯ ಪರಿಹಾರ ಹುಡುಕುವ ಮಧ್ಯಸ್ಥನನ್ನು ಗೊತ್ತುಮಾಡುವವರೂ ಅವರೇ. ಆದರೆ ಹಣ? ಅದು ರಾಷ್ಟ್ರಗಳು ತಾವಾಗಿ ಕೊಟ್ಟಷ್ಟೇ. ಅವಧಿ? ಮೊದಲಿಗೆ ಮೂರೇ ತಿಂಗಳು. ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯಲ್ಲಿ ಹಗ್ಗ ಹಿಡಿದುಕೊಂಡಂತೆ ಈ ಅಧಿಕಾರ.

ಮೊದಲ ದಳಪತಿ ಭಾರತದವರೇ ಆದ ಗ್ಯಾನಿಯವರು. 1964ರ ಜುಲೈಯಲ್ಲಿ ಅವರ ಸ್ಥಾನಕ್ಕೆ ತಿಮ್ಮಯ್ಯನವರು ಬಂದರು. ಬಂದ ಮರುತಿಂಗಳೇ ಕೊಕ್ಕಿನಾ ಎಂಬಲ್ಲಿ ಕದನ ಹೊತ್ತಿಕೊಂಡು ತುರ್ಕಿಯ ವಿಮಾನಗಳು ಬಾಂಬು ಸುರಿಸಿದವು. ಆರು ಸಾವಿರದಷ್ಟಿದ್ದ ಪಡೆಗೆ ತುರ್ಕಿಯನ್ನು ತಡೆಯುವ ಶಕ್ತಿಯೂ ಇರಲಿಲ್ಲ, ಗ್ರೀಕರ ಬಂದೂಕುಗಳನ್ನು ಕಿತ್ತುಕೊಳ್ಳುವ ಅಧಿಕಾರವೂ ಇರಲಿಲ್ಲ. ಶಾಂತಿಪಾಲನಾ ಪಡೆಗೆ ಇರುವ ದಾರಿಯೊಂದೇ: ಎರಡು ಠಾಣೆಗಳ ನಡುವೆ ನಿಲ್ಲುವುದು, ಇಬ್ಬರು ನಾಯಕರೊಡನೆಯೂ ಮಾತು ಬಿಡದಿರುವುದು, ಕಂಡದ್ದನ್ನು ಕಂಡಂತೆ ನ್ಯೂಯಾರ್ಕಿಗೆ ವರದಿ ಮಾಡುವುದು. ಆಗಸ್ಟ್ 9ರಂದು ಮಂಡಲಿಯು ಕದನ ನಿಲ್ಲಿಸಿರೆಂದು ಕೇಳಿತು, ಹೊಡೆದಾಟ ತಗ್ಗಿತು. ತಿಮ್ಮಯ್ಯನವರು 1965ರ ಡಿಸೆಂಬರ್ 18ರಂದು ನಿಕೋಸಿಯಾದಲ್ಲಿ, ಹುದ್ದೆಯಲ್ಲಿದ್ದಾಗಲೇ ತೀರಿಕೊಂಡರು. ಮರುವರ್ಷ ಸೈಪ್ರಸ್ ಸರಕಾರವು ಅವರ ನೆನಪಿಗಾಗಿ ಅಂಚೆಚೀಟಿಯನ್ನು ಹೊರಡಿಸಿತು. ಪರನಾಡಿನ ಸೇನಾನಿಯೊಬ್ಬನನ್ನು, ತಮ್ಮ ಪರವಾಗಿ ಯುದ್ಧ ಗೆದ್ದುಕೊಡದವನನ್ನು, ಒಂದು ನಾಡು ಹೀಗೆ ನೆನೆಯುವುದು ಅಪರೂಪ.

ದಳಪತಿಯ ಕೆಲಸ ಹೀಗೆ ನಡೆದಿರುವಾಗ ಮಧ್ಯಸ್ಥನ ಕೆಲಸವೇನಾಯಿತು? ಮೊದಲ ಮಧ್ಯಸ್ಥರಾದ ಫಿನ್ಲೆಂಡಿನ ಟುಯೊಮಿಯೊಯಾ 1964ರ ಸೆಪ್ಟೆಂಬರಿನಲ್ಲಿ ಮೃತರಾದರು. ಬಳಿಕ ಬಂದ ಈಕ್ವೆಡಾರಿನ ಗಾಲೊ ಪ್ಲಾಸಾ 1965ರ ಮಾರ್ಚಿನಲ್ಲಿ ವರದಿಯೊಪ್ಪಿಸಿದರು. ತುರ್ಕಿಯು ಅದನ್ನು ತಿರಸ್ಕರಿಸಿತು. 1974ರ ಜುಲೈಯಲ್ಲಿ ತುರ್ಕಿಯ ಸೇನೆಯು ದ್ವೀಪಕ್ಕೆ ಇಳಿಯಿತು, ನಾಡು ಎರಡಾಯಿತು. ಮೂವತ್ತು ವರ್ಷಗಳ ತರುವಾಯ ಕೋಫಿ ಅನ್ನಾನರಿಗೆ ಎರಡು ಪಕ್ಷಗಳೂ ಅಪೂರ್ವವಾದ ನಂಬಿಕೆಯನ್ನು ತೋರಿ, ತಾವು ಒಪ್ಪಲಾರದೆ ಬಿಟ್ಟ ಜಾಗಗಳನ್ನು ಅವರೇ ತುಂಬಿ ಒಪ್ಪಂದದ ಕರಡನ್ನು ಮುಗಿಸಲೆಂದವು. 2004ರ ಏಪ್ರಿಲ್ 24ರಂದು ಜನರ ಮುಂದಿಟ್ಟಾಗ ತುರ್ಕರಲ್ಲಿ ಮೂವರಲ್ಲಿ ಇಬ್ಬರಷ್ಟು ಜನ ಒಪ್ಪಿದರು, ಗ್ರೀಕರಲ್ಲಿ ನಾಲ್ವರಲ್ಲಿ ಮೂವರು ಬೇಡವೆಂದರು. ಪಡೆ ಇಂದಿಗೂ ಅಲ್ಲಿಯೇ ಇದೆ. ಬೆಂಕಿಯನ್ನು ಹರಡದಂತೆ ತಡೆಯುವುದು ಬೇರೆ, ಆರಿಸುವುದು ಬೇರೆ. ಮೊದಲನೆಯದಕ್ಕೆ ಮಹಾಕಾರ್ಯದರ್ಶಿ ಸಾಲಬಹುದು. ಎರಡನೆಯದಕ್ಕೆ ಮನೆಯವರೇ ಮನಸ್ಸು ಮಾಡಬೇಕು.

ಇಷ್ಟು ಹೇಳಿದ ಮೇಲೆ ದೋಷಗಳನ್ನು ಮುಚ್ಚಿಡುವುದು ವಿಮರ್ಶೆಯಾಗಲಾರದು. ಈ ಹುದ್ದೆಗೆ ಮೂರು ಬಗೆಯ ಸೋಲುಗಳು ಬಂದಿವೆ.

ಒಂದು, ನಂಬಿಕೆಯನ್ನು ಕಳೆದುಕೊಂಡ ಸೋಲು. ಮೊದಲ ಮಹಾಕಾರ್ಯದರ್ಶಿ ಟ್ರಿಗ್ವೆ ಲೀ 1950ರ ಜೂನ್ 25ರಂದು, ಮಂಗಳೂರಿನವರಾದ ಬೆನಗಲ್ ನರಸಿಂಗರಾಯರು ಭದ್ರತಾ ಮಂಡಲಿಯ ಅಧ್ಯಕ್ಷಪೀಠದಲ್ಲಿದ್ದ ದಿನ, ಉತ್ತರ ಕೊರಿಯಾದ ಆಕ್ರಮಣವನ್ನು ನಿಸ್ಸಂದಿಗ್ಧವಾಗಿ ಖಂಡಿಸಿದರು. ಅದು ನ್ಯಾಯವಾದ ಮಾತೇ. ಆದರೆ ಮುಂದೆ ಸೋವಿಯತ್ ಒಕ್ಕೂಟವು ಅವರೊಡನೆ ವ್ಯವಹಾರವನ್ನೇ ಕಡಿದುಕೊಂಡಿತು. 1952ರಲ್ಲಿ ಅವರು ರಾಜೀನಾಮೆಯನ್ನು ಸಾರಬೇಕಾಯಿತು. ಕಾಂಗೋ ದೇಶದ ಸಂಕಟದಲ್ಲಿ ಹ್ಯಾಮರ್‌ಷೋಲ್ಡರಿಗೂ ಇದೇ ಗತಿ ಒದಗಿತು. ಅವರ ಪಡೆ ಅಲ್ಲಿ ನಡುವೆ ನಿಲ್ಲುವುದನ್ನು ಬಿಟ್ಟು ಹೋರಾಟಕ್ಕೆ ಎಳೆಯಲ್ಪಟ್ಟಿತು; 1961ರ ಸೆಪ್ಟೆಂಬರಿನಲ್ಲಿ ಸಂಧಾನಕ್ಕೆಂದು ಹೊರಟ ಅವರು ಎಂಡೋಲಾ ಬಳಿ ವಿಮಾನಾಪಘಾತದಲ್ಲಿ ಮಡಿದರು. ಸತ್ಯವನ್ನು ಹೇಳಿದರೆ ಒಬ್ಬನು ಬಾಗಿಲು ಮುಚ್ಚುತ್ತಾನೆ, ಹೇಳದಿದ್ದರೆ ಹುದ್ದೆಗೇ ಅರ್ಥವಿಲ್ಲ. ಇದು ಈ ಪೀಠದ ಹುಟ್ಟುಕಷ್ಟ.

ಎರಡು, ಒಪ್ಪಿಗೆಯ ದಾರ ಕಡಿದ ಸೋಲು. 1967ರ ಮೇ ತಿಂಗಳಲ್ಲಿ ಈಜಿಪ್ಟಿನ ನಾಸೆರರು ಸೂಯೆಜ್ ಕಾಲದ ಪಡೆಯನ್ನು ತೆಗೆಯಿರೆಂದರು. ಊ ಥಾಂಟರು 18ರಂದು ಒಪ್ಪಿದರು; ಆಮೇಲೆ ಕೈರೋ ನಗರಕ್ಕೆ ಹೋದರು. ಜೂನ್ 5ರಂದು ಯುದ್ಧ ಆರಂಭವಾಗಿ ಗಾಝಾದಲ್ಲಿ ಇನ್ನೂ ಉಳಿದಿದ್ದ ಭಾರತೀಯ ಸೈನಿಕರಲ್ಲಿ ಕೆಲವರು ಪ್ರಾಣ ತೆತ್ತರು. ಒಪ್ಪಿಗೆಯಿಂದ ಬಂದ ಪಡೆಯು ಒಪ್ಪಿಗೆ ಹೋದ ಮೇಲೆ ನಿಲ್ಲುವಂತಿರಲಿಲ್ಲವೆಂಬುದು ನಿಜ. ಆದರೆ ಮೊದಲು ಹೋಗಿ ಮಾತನಾಡಿ ಬಳಿಕ ಉತ್ತರ ಕೊಡಬಹುದಿತ್ತೆಂಬ ಟೀಕೆಯನ್ನು ನಾವು ತಳ್ಳಿಹಾಕಲಾರೆವು. ಸಂಧಾನದಲ್ಲಿ ಏನು ಹೇಳಿದೆವೆಂಬುದಷ್ಟೇ ಅಲ್ಲ, ಯಾವುದನ್ನು ಮೊದಲು ಮಾಡಿದೆವೆಂಬುದೂ ಮುಖ್ಯ.

ಮೂರು, ಎಚ್ಚರಿಸದ ಸೋಲು; ನಮ್ಮ ದೃಷ್ಟಿಯಲ್ಲಿ ಇದೇ ಕ್ಷಮೆಗೆ ಎಲ್ಲಕ್ಕಿಂತ ದೂರವಾದುದು. 1994ರಲ್ಲಿ ರುವಾಂಡದಲ್ಲಿದ್ದ ಪಡೆಯ ದಳಪತಿಯು ಜನವರಿಯಲ್ಲೇ ಕೊಲೆಯ ಸಿದ್ಧತೆಯ ಸುಳಿವನ್ನು ಕಳುಹಿಸಿದ್ದರು. ನ್ಯೂಯಾರ್ಕಿನ ಕಚೇರಿಯು ಆಯುಧಗಳನ್ನು ವಶಪಡಿಸಿಕೊಳ್ಳಲು ಅನುಮತಿ ಕೊಡಲಿಲ್ಲ. ಏಪ್ರಿಲಿನಿಂದ ಮೂರು ತಿಂಗಳಲ್ಲಿ ಲಕ್ಷಗಟ್ಟಲೆ ಜನ ಹತರಾದರು. ಬಿಲ್ಲಿಲ್ಲದ ವಿದುರನಿಗೆ ಬಾಯಿಯೊಂದೇ ಆಯುಧ. ಅದನ್ನೂ ಬಳಸದಿದ್ದರೆ ಆತನು ಆ ಸಭೆಯಲ್ಲಿ ಯಾತಕ್ಕಾಗಿ ಕುಳಿತಿರಬೇಕು? ಇದರೊಡನೆ 2023ರ ಡಿಸೆಂಬರ್ 6ರಂದು ಗುಟೆರೆಸರು ಗಾಝಾದ ಯುದ್ಧದ ವಿಷಯದಲ್ಲಿ 99ನೆಯ ವಿಧಿಯನ್ನು ಹೆಸರಿಸಿ ಮಂಡಲಿಗೆ ಪತ್ರ ಬರೆದುದನ್ನು ಹೋಲಿಸಿ ನೋಡಬೇಕು. ಎರಡೇ ದಿನಗಳಲ್ಲಿ ಅಮೆರಿಕವು ತನ್ನ ನಿಷೇಧಮತದಿಂದ ಕದನವಿರಾಮದ ನಿರ್ಣಯವನ್ನು ಬೀಳಿಸಿತು. ಮಾತು ನಡೆಯಲಿಲ್ಲ, ಆದರೆ ಹೇಳಲ್ಪಟ್ಟಿತು. ಯಾರು ಕೇಳಲಿಲ್ಲವೆಂಬುದು ಎಲ್ಲರಿಗೂ ತಿಳಿಯಿತು.

ಕೇಳದ ಮಾತಿನಿಂದ ಪ್ರಯೋಜನವೇನೆಂಬ ಸಂದೇಹಕ್ಕೆ ನಮ್ಮ ಸೀಮೆಯಲ್ಲೇ ಉತ್ತರವಿದೆ. ಹಿಂದೆ ಸೇಲಂ ಜಿಲ್ಲೆಗೆ ಸೇರಿದ್ದ ಹೊಸೂರಿನ ಬಳಿಯ ತೊರಪಳ್ಳಿಯಲ್ಲಿ ಹುಟ್ಟಿದ ರಾಜಾಜಿಯವರು, 1962ರ ಸೆಪ್ಟೆಂಬರಿನಲ್ಲಿ, ಎಂಬತ್ತಮೂರನೆಯ ವಯಸ್ಸಿನಲ್ಲಿ, ಗಾಂಧೀ ಶಾಂತಿ ಪ್ರತಿಷ್ಠಾನದ ಪರವಾಗಿ ಅಮೆರಿಕಕ್ಕೆ ಹೋಗಿ ಅಧ್ಯಕ್ಷ ಕೆನೆಡಿಯವರನ್ನು ಕಂಡು ಅಣ್ವಸ್ತ್ರ ಪರೀಕ್ಷೆಗಳನ್ನು ನಿಲ್ಲಿಸಬೇಕೆಂದು ಕೇಳಿಕೊಂಡರು. ಜೊತೆಯಲ್ಲಿ ಕನ್ನಡದ ಲೇಖಕರಾದ ರಂಗನಾಥ ದಿವಾಕರರೂ ನರಸಿಂಗರಾಯರ ಸೋದರ ಶಿವರಾಯರೂ ಇದ್ದರು. ಆಗ ರಾಜಾಜಿಯವರಿಗೆ ಯಾವ ಅಧಿಕಾರವೂ ಇರಲಿಲ್ಲ. ಮರುವರ್ಷ ಆಗಸ್ಟಿನಲ್ಲಿ ಭಾಗಶಃ ಪರೀಕ್ಷಾನಿಷೇಧದ ಒಪ್ಪಂದಕ್ಕೆ ಸಹಿಬಿದ್ದಿತು. ಈ ಭೇಟಿಯಿಂದಲೇ ಅದಾಯಿತೆಂದು ಹೇಳುವುದು ಅತಿಶಯೋಕ್ತಿ. ಆದರೆ ಅಂಥ ಒಪ್ಪಂದಗಳಿಗೆ ಲೋಕದ ಮನಸ್ಸು ಹದವಾಗುವುದು ಇಂಥ ಮಾತುಗಳಿಂದಲೇ.

ಇನ್ನೊಂದು ನಿದರ್ಶನ ನಮ್ಮ ಶಾಲೆಗಳಿಗೇ ಸಂಬಂಧಿಸಿದುದು. 1956ರಲ್ಲಿ ರಾಜ್ಯಗಳು ಭಾಷೆಯ ಪ್ರಕಾರ ವಿಂಗಡವಾದಾಗ ಎಲ್ಲೆಯ ಆಚೆಯಲ್ಲೇ ಉಳಿದ ನಮ್ಮಂಥವರಿಗಾಗಿ ಸಂವಿಧಾನಕ್ಕೆ 350ಎ, 350ಬಿ ಎಂಬ ವಿಧಿಗಳನ್ನು ಸೇರಿಸಿದರು. ಮೊದಲನೆಯದು ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಅನುಕೂಲವನ್ನು ಕುರಿತದ್ದು. ಎರಡನೆಯದರಂತೆ ಭಾಷಾ ಅಲ್ಪಸಂಖ್ಯಾತರಿಗಾಗಿ ರಾಷ್ಟ್ರಪತಿಗಳು ಒಬ್ಬ ವಿಶೇಷಾಧಿಕಾರಿಯನ್ನು ನೇಮಿಸತಕ್ಕದ್ದು. ಆತನು ವಿಚಾರಿಸಿ ವರದಿ ಮಾಡತಕ್ಕದ್ದು. ವರದಿಯು ಪಾರ್ಲಿಮೆಂಟಿನ ಮುಂದೆ ಬರತಕ್ಕದ್ದು. ಒಬ್ಬ ಉಪಾಧ್ಯಾಯನನ್ನು ನೇಮಿಸುವ, ಒಂದು ಪಠ್ಯಪುಸ್ತಕವನ್ನು ತರಿಸಿಕೊಡುವ ಅಧಿಕಾರ ಆತನಿಗಿಲ್ಲ. ಆದರೂ ನಾವು ಮನವಿ ಬರೆಯುವುದನ್ನು ಬಿಡಬಾರದು. ಬರೆದದ್ದು ದಾಖಲೆಯಾಗುತ್ತದೆ, ದಾಖಲೆಯಾದುದನ್ನು ಇಲ್ಲವೆನ್ನಲು ಬರುವುದಿಲ್ಲ. ದೊಡ್ಡ ಲೋಕದಲ್ಲಿ ಮಹಾಕಾರ್ಯದರ್ಶಿಯ ವರದಿಗಳಿಗಿರುವ ಬೆಲೆಯೂ ಇದೇ ಜಾತಿಯದು.

ಆದ್ದರಿಂದ ನಮ್ಮ ತೀರ್ಪು ಇಷ್ಟು. ಮಹಾಕಾರ್ಯದರ್ಶಿಯು ಜಗತ್ತಿನ ಯಜಮಾನನಲ್ಲ, ಗುಮಾಸ್ತನೂ ಅಲ್ಲ. ಆತನಿಗಿರುವ ಸಂಧಾನಾಧಿಕಾರವು ಸನ್ನದಿನ ಕೆಲವು ವಾಕ್ಯಗಳಿಂದ ಹುಟ್ಟಿ, ಎರಡು ಪಕ್ಷಗಳ ನಂಬಿಕೆಯಿಂದ ಬೆಳೆದು, ಬಲಿಷ್ಠರ ಹಟದೆದುರಿಗೆ ನಿಂತುಬಿಡುವಂಥದು. ಹೆದರಿ ಬಳಸದಿದ್ದರೆ ತುಕ್ಕು ಹಿಡಿಯುತ್ತದೆ. ಮಿತಿಮೀರಿ ಬಳಸಿದರೆ ಮುರಿಯುತ್ತದೆ. ಆತನ ಯಶಸ್ಸನ್ನು ನಿಂತ ಯುದ್ಧಗಳಿಂದ ಮಾತ್ರ ಎಣಿಸದೆ, ಹೇಳಬೇಕಾದಾಗ ಹೇಳಿದನೇ, ನಿಲ್ಲಬೇಕಾದಲ್ಲಿ ನಿಂತನೇ ಎಂಬುದರಿಂದಲೂ ಅಳೆಯಬೇಕು.

ಉದ್ಯೋಗಪರ್ವವನ್ನು ಪಾಠ ಹೇಳುವ ಉಪಾಧ್ಯಾಯ ಮಿತ್ರರಲ್ಲಿ ನಮ್ಮದೊಂದು ಬಿನ್ನಹ. ವಿಶ್ವರೂಪದ ಭಾಗಕ್ಕೆ ಬಂದಾಗ ಮಕ್ಕಳು ಕಣ್ಣರಳಿಸಿ ಕೇಳುತ್ತಾರೆ, ಕೇಳಲಿ. ಅಲ್ಲಿಗೇ ನಿಲ್ಲಿಸದೆ, ಅದೇ ಸಭೆಯಲ್ಲಿದ್ದ ವಿದುರನ ಕಡೆಗೂ ಅವರ ದೃಷ್ಟಿಯನ್ನು ತಿರುಗಿಸಬೇಕು. ಕೊಡಗಿನ ಸೇನಾನಿಯೊಬ್ಬರು ದೂರದ ದ್ವೀಪದಲ್ಲಿ ಎರಡು ಜನಾಂಗಗಳ ನಡುವೆ ನಿಂತು ಪ್ರಾಣಬಿಟ್ಟ ಕಥೆಯನ್ನೂ ಜೊತೆಗೆ ಹೇಳಬೇಕು. ವಿಶ್ವರೂಪವನ್ನು ತೋರುವ ಶಕ್ತಿ ನಮ್ಮ ವಿದ್ಯಾರ್ಥಿಗಳಲ್ಲಿ ಯಾರಿಗೂ ಬರಲಾರದು. ಇಬ್ಬರು ಜಗಳವಾಡುವಲ್ಲಿ ನಡುವೆ ನಿಂತು ನ್ಯಾಯವಾದ ಮಾತನ್ನಾಡುವ ಸಂದರ್ಭ ಪ್ರತಿಯೊಬ್ಬರಿಗೂ ಬರುತ್ತದೆ.